ಕಡಲಿಗಿಳಿದ ಪಲ್ಲಕ್ಕಿ

ಬೆಳಕೆಯ ಕಡಲತಡಿಯಲ್ಲಿ ಸ್ವಾಮಿಗಳನ್ನು ಕೊಲ್ಲಲು ನೋಡಿದರಂತೆ ಎಂಬ ಸುದ್ದಿ ಹೊನ್ನಾವರ ಮುಟ್ಟುವಷ್ಟರಲ್ಲಿ ಅದಕ್ಕೊಂದು ಕತ್ತಿ ಸೇರಿಕೊಂಡಿತ್ತು. ಕುಮಟೆಗೆ ಹೋಗುವಷ್ಟರಲ್ಲಿ ಬಾಂಬೂ ಸೇರಿತು. ನಿಜ ಹೇಳಬೇಕೆಂದರೆ ಕತ್ತಿಯೂ ಇರಲಿಲ್ಲ, ಬಾಂಬೂ ಇರಲಿಲ್ಲ. ಇದ್ದದ್ದು ಒಂದು ಪಲ್ಲಕ್ಕಿ ಮತ್ತು ಮಾಬ್ಲನ ಗಂಟಲು.

ಈ ಗಂಟಲಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾಬ್ಲ ರಂಪಣಿ ಬಲೆಯ ತಾಂಡೇಲ, ಅಂದರೆ ದಡದಿಂದ ಆ ದೊಡ್ಡ ಬಲೆ ಎಳೆಯುವ ಗುಂಪಿಗೆಲ್ಲ ಯಜಮಾನ. ದೋಣಿಯನ್ನು ಮರಳಿನಿಂದ ನೀರಿಗೆ ದೂಡುವಾಗ ಅವನು "ಹೋ... ಐಸಾ!" ಎಂದು ಒಂದು ಕೂಗು ಹಾಕಿದನೆಂದರೆ ಕೇರಿಯ ಗಂಡಸರ ಕಾಲುಗಳು ತಲೆಯನ್ನು ಒಂದು ಮಾತೂ ಕೇಳದೆ ಕಡಲಿನತ್ತ ಓಡುತ್ತಿದ್ದವು. ಒಮ್ಮೆ ಮದುವೆಮನೆಯಲ್ಲಿ ಅವನು ತಮಾಷೆಗೆಂದು ಕೂಗಿದ್ದಕ್ಕೆ ಅರ್ಧ ಪಂಕ್ತಿ ಊಟದೆಲೆ ಬಿಟ್ಟು ಎದ್ದಿತ್ತು. ಹೆಂಡತಿ ಕಮಲಿ ಅಂದು ಅವನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಮಾತು. ಮಳೆಗಾಲ ಕಳೆದು ಬಂಗಡೆ ಮೀನು ದಡಕ್ಕೆ ಬರುವ ಹೊತ್ತಿಗೆ ಕೇರಿಯವರು ಮರಳಿನ ಮೇಲೆ ಹೊಸದೊಂದು ಭಜನಾಮಂದಿರ ಕಟ್ಟಿ, ಹೊನ್ನಾವರದ ಒಳಭಾಗದ ಒಂದು ಸಣ್ಣ ಮಠದ ಸ್ವಾಮಿಗಳನ್ನು ಕರೆಸಿದ್ದರು. ಸ್ವಾಮಿಗಳಿಗೆ ಎಪ್ಪತ್ತು ದಾಟಿತ್ತು. ಅವರ ಊಟ, ನಿದ್ದೆ, ಮಾತು ಎಲ್ಲ ಪಾರುಪತ್ಯಗಾರ ಹರಿಹರ ಭಟ್ಟರ ಕೈಯಲ್ಲಿತ್ತು. ಸ್ವಾಮಿಗಳಿಗೆ ಶೀತವಾದೀತೆಂದು ಭಟ್ಟರು ಸಮುದ್ರಸ್ನಾನವನ್ನು ಕೂಡ ಕೊಡದಲ್ಲಿ ನೀರು ತರಿಸಿ, ಕಾಯಿಸಿ, ಬಚ್ಚಲಲ್ಲೇ ಮಾಡಿಸುತ್ತಿದ್ದರು. ಇಂಥ ಮನುಷ್ಯರು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರಿಗೆ ಶೀತವೂ ಆಗುವುದಿಲ್ಲ.

ರಸ್ತೆ ಮುಗಿದಲ್ಲಿ ಪಲ್ಲಕ್ಕಿ ಬಂತು. ಮಠದ ಹೊರುವವರು ಗಟ್ಟಿ ನೆಲದ ಜನ. ಮರಳಿನಲ್ಲಿ ಅವರ ಕಾಲು ಹೂತುಹೋಗಿ ಏದುಸಿರು ಬಿಡತೊಡಗಿದರು. ಕೊನೆಗೆ ಭಟ್ಟರು ಮುಖ ಹುಳ್ಳಗೆ ಮಾಡಿಕೊಂಡು ಕೇರಿಯವರಿಗೇ ಹೆಗಲು ಕೊಡಲು ಹೇಳಿದರು. ಮಾಬ್ಲನಿಗೆ ಎದೆ ಉಬ್ಬಿತು. ಅವನ ಅಪ್ಪ ಪಲ್ಲಕ್ಕಿಯನ್ನು ದೂರ ನಿಂತು ನೋಡಿದವನು, ಅಜ್ಜ ಅಷ್ಟು ಹತ್ತಿರವೂ ಬರದವನು. ಈಗ ಮಾಬ್ಲ ಮುಂದಿನ ದಂಡಿಗೆಗೇ ಹೆಗಲು ಕೊಟ್ಟ.

ಹತ್ತು ಮಾರು ಹೋಗಿರಬೇಕು, ಪರದೆಯ ಒಳಗಿನಿಂದ ಪಿಸುಮಾತು ಬಂತು.

"ತಮ್ಮಾ, ಕಡಲು ಎಷ್ಟು ದೂರ ಇದ್ದು?"

ಮಾಬ್ಲನಿಗೆ ಮೊದಲು ನಂಬಿಕೆಯಾಗಲಿಲ್ಲ. ಸ್ವಾಮಿಗಳು ಪ್ರವಚನದ ಕನ್ನಡ ಬಿಟ್ಟು ತೋಟದ ಮನೆಯ ಅಜ್ಜನ ಹಾಗೆ ಮಾತಾಡುತ್ತಿದ್ದರು.

"ಇಲ್ಲೇ ಸ್ವಾಮ್ಯೋರೇ, ಎಡಕ್ಕೆ."

"ಸಣ್ಣಂವ ಇದ್ದಾಗ ಅಲೆಯಲ್ಲಿ ಆಡಿದ್ದು. ಮಠಕ್ಕೆ ಬಂದ್ಮೇಲೆ ಒಂದು ಸಲಾನೂ ಕಾಲು ಅದ್ದಿದ್ದಿಲ್ಲೆ. ಒಂಚೂರು ಮುಟ್ಟಿಸ್ತ್ಯನಾ? ಯಾರಿಗೂ ಹೇಳಡ, ಭಟ್ಟಂಗೆ ಗೊತ್ತಾದ್ರೆ ಅಜ್ಜಂಗೆ ಅರಳುಮರಳು ಹೇಳಿ ಮೂಲೆಗೆ ಕೂರಿಸ್ತ. ಎನ್ನ ಪೀಠಕ್ಕೆ ಮರಿ ಸ್ವಾಮಿ ತಯಾರಾಗೇ ಇದ್ದ."

"ಆತು," ಎಂದ ಮಾಬ್ಲ. "ದೇವರಾಣೆ ಯಾರಿಗೂ ಹೇಳೂದಿಲ್ಲ."

ಹೆಗಲು ಕೊಟ್ಟ ಉಳಿದವರಿಗೆ ಹೇಳದೆ ಪಲ್ಲಕ್ಕಿ ತಿರುಗಿಸುವುದು ಹೇಗೆ? ಯೋಚಿಸುವುದು ಮಾಬ್ಲನ ಅಭ್ಯಾಸವಲ್ಲ. ಬಾಯಿ ತೆರೆದು ಕೂಗಿಯೇಬಿಟ್ಟ.

"ಹೋ... ಐಸಾ!"

"ಐಸಾ!" ಎಂದು ಹಿಂದಿನವರು ಕೂಗಿಕೊಂಡರು, ಎಲ್ಲ ಕಾಲೂ ಎಡಕ್ಕೆ ತಿರುಗಿದವು, ಪಲ್ಲಕ್ಕಿ ಬಾಣದಂತೆ ಕಡಲಿಗೆ ಹೊರಟಿತು. ಶಂಖ ಊದುವವನು ಊದುತ್ತಲೇ ಬಲಕ್ಕೆ ಹೋದ. ಭಟ್ಟರು ಛತ್ರಿ ಹಿಡಿದು, "ಏಯ್, ಮಂದಿರ ಅಲ್ಲಿ! ಮಂದಿರ ಅಲ್ಲಿ!" ಎನ್ನುತ್ತ ಹಿಂದೆ ಓಡಿದರು. ಮೊಣಕಾಲು ನೀರಿಗೆ ನಿಲ್ಲಿಸಬೇಕೆಂದು ಮಾಬ್ಲನ ಲೆಕ್ಕಾಚಾರ. ಆದರೆ ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಎಲ್ಲರನ್ನೂ ಮಗುಚಿ ಹಾಕಿತು. ಪಲ್ಲಕ್ಕಿ ಮಾತ್ರ ಮಗುಚಲಿಲ್ಲ, ತೇಲಿತು! ಕೆಂಪು ರೇಷ್ಮೆ ಪರದೆ ಹಾರಿಸಿಕೊಂಡು ಮೇಲೆ ಕೆಳಗೆ ಕುಣಿಯಿತು. ಒಳಗಿನಿಂದ ಸ್ವಾಮಿಗಳು ಕೇಕೆ ಹಾಕಿದರು. ದಡದಲ್ಲಿದ್ದವರಿಗೆ ಅದು ಆರ್ತನಾದದಂತೆ ಕೇಳಿಸಿತು. ಪಕ್ಕದಲ್ಲೇ ಈಜುತ್ತಿದ್ದ ಮಾಬ್ಲನಿಗೊಬ್ಬನಿಗೇ ಗೊತ್ತು, ಅವರು ಎರಡೂ ಕೈಯಿಂದ ನೀರು ಬಡಿಯುತ್ತ ನಗುತ್ತಿದ್ದರು. ಅವನೂ ನಕ್ಕ. ಬಾಯಿತುಂಬ ಉಪ್ಪುನೀರು ಹೋಯಿತು.

"ಕೊಲೆ! ಕೊಲೆ!" ಎಂದು ಭಟ್ಟರು ದಡದಲ್ಲಿ ಕುಣಿಯುತ್ತಿದ್ದರು.

ಬಂದೋಬಸ್ತಿಗೆ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಹುಕ್ಕೇರಿ ಬಿಜಾಪುರದ ಕಡೆಯವರು. ಭಟ್ಕಳಕ್ಕೆ ವರ್ಗವಾಗಿ ಬಂದಾಗಿನಿಂದ ಅವರಿಗೆ ಕಡಲಿನ ಮೇಲೇ ಅನುಮಾನ. ಸ್ವಾಮಿಗಳನ್ನು ಒದ್ದೆ ಮೈಯಲ್ಲೇ ಮುರ್ಡೇಶ್ವರದ ಬಿಡಾರಕ್ಕೆ ಸಾಗಿಸಿದರು, ಮಾಬ್ಲನನ್ನು ಒದ್ದೆ ಮೈಯಲ್ಲೇ ಭಟ್ಕಳದ ಠಾಣೆಗೆ ತಂದರು.

"ಕೂಗಿದ್ದು ನೀನ ಹೌದಲ್ಲೋ?"

"ಹೌದು ಸಾಯ್ಬ್ರೇ."

"ಯಾಕ್ ಕೂಗಿದಿ?"

ಮಾಬ್ಲ ಛಾವಣಿ ನೋಡಿದ.

"ಕಾರಣ ಬೇಕಲೇ, ಕಾರಣ! ಕಾರಣ ಇಲ್ಲದ ಯಾರರ ಸ್ವಾಮಿಗಳನ್ನ ಸಮುದ್ರಕ್ಕ ಒಗಿತಾರೇನು?"

ಮಾಬ್ಲ ಬಾಯಿ ಬಿಡಲಿಲ್ಲ. ಅವನು ಬಿಡದಿದ್ದರೇನು, ಊರಿಗೆ ಊರೇ ಬಿಟ್ಟಿತು. ಮೊದಲು ಬಂದವರು ಭಟ್ಟರು. ಕಡಲತೀರದಲ್ಲಿದ್ದ ಮಠದ ತೆಂಗಿನ ತೋಟ ಟೆನೆನ್ಸಿ ಕಾನೂನಿನಲ್ಲಿ ತಮಗೆ ಬರಲಿಲ್ಲವೆಂದು ಕೇರಿಯವರಿಗೆ ಹೊಟ್ಟೆಯುರಿ ಎಂದರು. ಹುಕ್ಕೇರಿಯವರಿಗೆ ಇದು ಸಪ್ಪೆ ಅನಿಸಿತು. ಅವರ ತಲೆಯಲ್ಲಿ ಓಡುತ್ತಿದ್ದದ್ದು ಕಳ್ಳಸಾಗಣೆಯ ದೋಣಿ: ಪಲ್ಲಕ್ಕಿ ಸಮೇತ ಸ್ವಾಮಿಗಳನ್ನು ಅದಕ್ಕೆ ಏರಿಸಿ ದುಬೈಗೆ ಕಳಿಸುವ ಸಂಚು. ದುಬೈಯಲ್ಲಿ ಸ್ವಾಮಿಗಳನ್ನು ಇಟ್ಟುಕೊಂಡು ಏನು ಮಾಡುತ್ತಾರೆಂದು ಕಾನ್‌ಸ್ಟೇಬಲ್ ಕೇಳಿದ್ದಕ್ಕೆ ಅವನನ್ನು ಚಹಾ ತರಲು ಕಳಿಸಿದರು.

ಆಮೇಲೆ ಸಹಾಯ ಮಾಡಲೆಂದು ಗೆಳೆಯ ಕುಪ್ಪ ಬಂದ. ಇಂಥ ಸಹಾಯ ಶತ್ರುವಿಗೂ ಬೇಡ.

"ನಮ್ಮ ಮಾಬ್ಲ ಅಂಥವನಲ್ಲ ಸಾಯ್ಬ್ರೇ. ಹೋದ ವರ್ಷ ಸ್ವಾಮ್ಯೋರು ಶ್ರಾವಣದಾಗೆ ಮೀನು ತಿನ್ಬೇಡಿ, ಶೇಂದಿ ಕುಡೀಬೇಡಿ ಅಂದ್ರು. ಆಗ್ಲೂ ಇವ ಎಂತದೂ ಮಾಡ್ಲಿಲ್ಲ! ಬರೀ ಹಲ್ಲು ಕಡ್ಕಂಡ, ಅಷ್ಟೇ!"

ಹುಕ್ಕೇರಿಯವರ ಮುಖ ಅರಳಿತು. "ಹಲ್ಲು ಕಡದಾ?"

"ರಾತ್ರಿಯಿಡೀ!"

ಲಾಕಪ್ಪಿನೊಳಗೆ ಮಾಬ್ಲ ಹಣೆ ಚಚ್ಚಿಕೊಂಡ.

ಮರುದಿನ ಬೆಳಿಗ್ಗೆ ಹೊಸ ಸುದ್ದಿ ಬಂತು. ಬಂಗಡೆ ಬಂದಿದೆಯಂತೆ, ದಡದ ಹತ್ತಿರ ನೀರು ಕಪ್ಪಾಗಿದೆಯಂತೆ. ಮಾಬ್ಲನಿಗೆ ಸಂಕಟ ಶುರುವಾಯಿತು. ತನ್ನ ಕೂಗಿಲ್ಲದೆ ಅಷ್ಟು ದೊಡ್ಡ ಬಲೆಯನ್ನು ಒಂದೇ ಜೋರಿನಲ್ಲಿ ಎಳೆಯುವವರು ಯಾರು? ಸಂಜೆಯೊಳಗೆ ಬಾಯಿ ಬಿಡದಿದ್ದರೆ ನಾಳೆ ಕೋರ್ಟು, ಆಮೇಲೆ ಜೈಲು ಎಂದು ಹುಕ್ಕೇರಿ ಹೇಳಿಯಾಗಿತ್ತು. ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ನೀರು ಬಡಿಯುತ್ತಿದ್ದ ಆ ಮುದಿ ಕೈಗಳು ಕಣ್ಣಿಗೆ ಕಟ್ಟುತ್ತಿದ್ದವು. ಆ ಅಜ್ಜನನ್ನು ಮೂಲೆಗೆ ಕೂರಿಸಲು ಮಾಬ್ಲ ತಯಾರಿರಲಿಲ್ಲ.

ಕಮಲಿ ಗಂಜಿ ತಂದಳು. ಮೀನು ಮಾರುವ ಹೆಂಗಸು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಕೊಲ್ಲೂದೇ ಆಗಿದ್ರೆ ನಿಂಗೆ ಮೊದ್ಲು ನಾ ಇದ್ನಲ್ಲ! ನಂಗಾದ್ರೂ ಹೇಳು, ಎಂತಕ್ಕೆ ಕೂಗ್ದೆ?"

"ಹೇಳೂಕೆ ಬರೂದಿಲ್ಲ ಕಮಲಿ. ಒಬ್ರಿಗೆ ಮಾತು ಕೊಟ್ಟಿದ್ದೆ."

ಇಷ್ಟು ಹೇಳಬಾರದಿತ್ತು. ಕಮಲಿಯ ಕಣ್ಣು ಸಣ್ಣದಾಯಿತು.

"ಯಾರಿಗೆ?"

ಮಾಬ್ಲ ಗಂಜಿ ಕುಡಿದ.

"ನಂಗಿಂತ ಹೆಚ್ಚಾದವ್ಳು ಯಾರವ್ಳು?"

ಗಂಜಿ ಮಾಬ್ಲನ ನೆತ್ತಿಗೆ ಹತ್ತಿತು. ಕೆಮ್ಮು ನಿಂತು ಅವನು ತಲೆ ಎತ್ತುವಷ್ಟರಲ್ಲಿ ಕಮಲಿ ಬಸ್ಸು ಹಿಡಿದಾಗಿತ್ತು. ಕಂಡಕ್ಟರ್ ಮೀನಿನ ಬುಟ್ಟಿಗೆ ಗೊಣಗಿದ್ದಕ್ಕೆ ಅವನಿಗೂ ಒಂದಿಷ್ಟು ಸಿಕ್ಕಿತು. ನೆಟ್ಟಗೆ ಮುರ್ಡೇಶ್ವರಕ್ಕೆ ಹೋಗಿ, ಬುಟ್ಟಿಯನ್ನು ಬಿಡಾರದ ಗೇಟಿನ ಹೊರಗಿಟ್ಟು, ಕೇಳುವವರೆಲ್ಲ ಕೇಳಲಿ ಎಂದು ಅಂಗಳದಲ್ಲಿ ನಿಂತು ಕೂಗಿದಳು.

"ಸ್ವಾಮ್ಯೋರೇ! ನನ್ನ ಗಂಡ ಲಾಕಪ್ಪಿನಾಗೆ ಕೂತಿದಾನೆ. ಯಾರಿಗೋ ಗುಟ್ಟಾಗಿ ಮಾತು ಕೊಟ್ಟಿದಾನಂತೆ, ಜೈಲಿಗೆ ಹೋದ್ರೂ ಹೇಳೂದಿಲ್ಲ ಅಂತಾನೆ. ಯಾರು ಆ ಬೋಸುಡಿ, ನೀವೇ ಅಂಜನ ಹಾಕಿ ಹೇಳಿ!"

ಜಪಕ್ಕೆ ಕೂತಿದ್ದ ಸ್ವಾಮಿಗಳು ಬಾಗಿಲಿಗೆ ಬಂದರು. ಮಾಬ್ಲನನ್ನು ಅಂದೇ ಮನೆಗೆ ಬಿಟ್ಟರೆಂದು ಭಟ್ಟರು ಅವರಿಗೆ ಹೇಳಿದ್ದರು. ಸ್ವಾಮಿಗಳ ಮುಖ ಮೊದಲು ಬಿಳುಪೇರಿತು, ಆಮೇಲೆ ಕಿವಿಯವರೆಗೆ ಕೆಂಪಾಯಿತು.

"ಜೀಪು ತೆಗೆಸು," ಎಂದರು.

ಮಧ್ಯಾಹ್ನದ ಹೊತ್ತಿಗೆ ಜೀಪು ಠಾಣೆಯ ಮುಂದೆ ನಿಂತಿತು. ಮುಂದೆ ಸ್ವಾಮಿಗಳು, ಹಿಂದೆ ಭಟ್ಟರು, ಭಟ್ಟರ ಪಕ್ಕದಲ್ಲೇ ಕಮಲಿ! ಸ್ವಾಮಿಗಳೇ ಹತ್ತಿಸಿಕೊಂಡಿದ್ದರು. ಮೀನಿನ ಬುಟ್ಟಿಯೂ ಬಂದಿತ್ತು, ಭಟ್ಟರ ಕಾಲ ಬುಡದಲ್ಲೇ. ಬೀದಿಯ ಜನವೆಲ್ಲ ಕಿಟಕಿಗೆ ಮುತ್ತಿತು. ಹುಕ್ಕೇರಿ ಎದ್ದು ಕೈಮುಗಿದು, ಮಾಬ್ಲನನ್ನು ಹೊರಗೆ ತರಿಸಿದರು.

ಸ್ವಾಮಿಗಳು ಅವನ ಕಡೆ ನೋಡಿದರು. ಮಾಬ್ಲ ಬೇಡವೆಂದು ಮೆಲ್ಲಗೆ ತಲೆಯಾಡಿಸಿದ. ಭಟ್ಟರು ಪಕ್ಕದಲ್ಲೇ ನಿಂತಿದ್ದರು, ಮರಿ ಸ್ವಾಮಿ ಮಠದಲ್ಲಿ ತಯಾರಾಗಿಯೇ ಇದ್ದರು. ಬಾಯಿ ಬಿಟ್ಟರೆ ಅಜ್ಜನ ಕತೆ ಅಲ್ಲಿಗೆ ಮುಗಿಯಿತೆಂದು ಅವನಿಗೆ ಗೊತ್ತಿತ್ತು.

"ಇವ ಎಂತದೂ ಮಾಡಿದ್ದಿಲ್ಲೆ," ಎಂದರು ಸ್ವಾಮಿಗಳು. "ಕಡಲಿಗೆ ಕರಕಂಡು ಹೋಗು ಹೇಳಿ ಆನೇ ಹೇಳಿದ್ದು."

"ನೀವ?" ಹುಕ್ಕೇರಿಯವರಿಗೆ ದುಬೈಯ ದೋಣಿ ಕಣ್ಣೆದುರೇ ಮುಳುಗಿತು. "ಯಾಕ್ರೀ ಅಜ್ಜಾರ? ಕಾರಣ ಏನ್ರೀ?"

"ಆಸೆ ಆತು."

ಸನ್ಯಾಸಿಯಾದವನು ಯಾವ ಮಾತನ್ನಾದರೂ ಹೇಳಬಹುದು, ಈ ಒಂದು ಮಾತನ್ನು ಮಾತ್ರ ಹೇಳುವಂತಿಲ್ಲ. ಸ್ವಾಮಿಗಳು ಪೊಲೀಸ್ ಠಾಣೆಯಲ್ಲಿ, ಕಾವಿಯುಟ್ಟುಕೊಂಡು, ಮೀನಿನ ಬುಟ್ಟಿಯ ಎದುರಿಗೆ ಅದನ್ನು ಹೇಳಿದ್ದರು. ಹೇಳಿದವರ ಮುಖದಲ್ಲಿ ನಾಚಿಕೆಯೂ ಇತ್ತು, ಅಲೆಯ ಮೇಲೆ ಕೇಕೆ ಹಾಕಿದಾಗಿನ ಖುಷಿಯೂ ಇತ್ತು.

ಮೊದಲು ನಕ್ಕವಳು ಕಮಲಿ. "ಅಯ್ಯಯ್ಯೋ, ಬೋಸುಡಿ ಅಂದ್ನಲ್ಲ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದಳು. ಸ್ವಾಮಿಗಳಿಗೂ ತಡೆಯಲಾಗಲಿಲ್ಲ. ಕಿಟಕಿ ನಕ್ಕಿತು, ಕಾನ್‌ಸ್ಟೇಬಲ್ ನಕ್ಕ, ಕೊನೆಗೆ ಹುಕ್ಕೇರಿಯವರೂ ಟೊಪ್ಪಿಗೆ ಅಡ್ಡ ಹಿಡಿದುಕೊಂಡು ನಕ್ಕರು.

ನಗದೆ ಇದ್ದವರು ಭಟ್ಟರೊಬ್ಬರೇ. ನಗು ಇಳಿಯುವವರೆಗೆ ಕಾದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಗುರುಗಳಿಗೆ ವಯಸ್ಸಾಯಿತು. ಇನ್ನು ಮಠದ ಪಲ್ಲಕ್ಕಿ ಕಡಲು ಕಾಣುವ ಊರಿಗೆ ಬರುವುದಿಲ್ಲ."

ಯಾವುದನ್ನು ತಪ್ಪಿಸಲು ಮಾಬ್ಲ ಒಂದು ರಾತ್ರಿಯೆಲ್ಲ ಹಲ್ಲು ಕಚ್ಚಿ ಕೂತಿದ್ದನೋ ಅದೇ ಆಗಿಹೋಗಿತ್ತು, ಅದೂ ತನ್ನನ್ನು ಬಿಡಿಸಲು ಹೋಗಿ. ಅವನ ಕಣ್ಣು ತುಂಬಿ ಬಂತು.

ಸ್ವಾಮಿಗಳು ಮಾತ್ರ ಮೆಟ್ಟಿಲು ಇಳಿಯಲು ಶುರುಮಾಡಿದ್ದರು. ಜೀಪಿನ ಬಾಗಿಲು ತೆರೆದಿತ್ತು, ಅದರ ಕಡೆ ಹೋಗಲಿಲ್ಲ.

"ಪಲ್ಲಕ್ಕಿ ಮರಿಗೇ ಇರಲಿ ಭಟ್ಟ," ಎಂದರು. "ಕಡಲಿಗೆ ಆನು ನಡ್ಕಂಡೇ ಬತ್ತೆ."