ನಿಲ್ಲದ ಕಾಲು

ಅಡುಗೆಮನೆಯಿಂದ ಹಾಲ್‌ನ ಬಾಗಿಲಿಗೆ ಹನ್ನೊಂದು ಹೆಜ್ಜೆ. ವರಲಕ್ಷ್ಮಿ ಬೆಳಗಿನಿಂದ ಅದನ್ನೇ ತುಳಿಯುತ್ತಿದ್ದಳು. ಕೂತರೆ ಮೂಳೆಯೊಳಗೆ ಇರುವೆ ಹರಿದಂತಾಗುತ್ತಿತ್ತು. ಎದ್ದರೂ ನೆಮ್ಮದಿಯಿಲ್ಲ. ಮಾತ್ರೆ ಮತ್ತೆ ಶುರುವಾದ ಎರಡು ತಿಂಗಳಲ್ಲಿ ಕಿವಿಯಲ್ಲಿ ಪಿಸುಗುಡುತ್ತಿದ್ದ ದನಿಗಳು ಅಡಗಿದ್ದವು. ತಲೆ ಸರಿಯಿದೆ, ಕಾಲೇ ಮಾತು ಕೇಳುತ್ತಿಲ್ಲ ಎಂದರೆ ಮನೆಯಲ್ಲಿ ನಂಬುವವರಿಲ್ಲ.

“ಒಂದ್ನಿಮಿಷ ಕೂತ್ಕೊಳೇ, ನೋಡೋರಿಗೇ ತಲೆ ತಿರುಗುತ್ತೆ,” ಎಂದರು ಅತ್ತೆ ಲಕ್ಷ್ಮಿದೇವಮ್ಮ.

“ಆಗ್ತಿಲ್ಲ ಅತ್ತೆ.”

ಗಂಡ ಮಹದೇವ್ ಶೂ ಹಾಕಿಕೊಳ್ಳುತ್ತಿದ್ದ. “ಮತ್ತೆ ಶುರುವಾಯ್ತು. ಸಂಜೆ ಡಾಕ್ಟ್ರಿಗೆ ನಾನೇ ಹೇಳ್ತೀನಿ, ಅಡ್ಮಿಟ್ ಮಾಡ್ಕೊಳ್ಳಿ ಅಂತ.”

ಹಿಂದೊಮ್ಮೆ ಇಪ್ಪತ್ತೆರಡು ದಿನ ವಾರ್ಡಿನಲ್ಲಿದ್ದು ಬಂದಾಗ, ಪುಟ್ಟ ಮಗಳು ಅವಳ ಗುರುತು ಹತ್ತದೆ ಅಜ್ಜಿಯ ಸೆರಗಿನ ಹಿಂದೆ ಅವಿತಿದ್ದಳು. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ವರಲಕ್ಷ್ಮಿಗಿರಲಿಲ್ಲ.

ಮಧ್ಯಾಹ್ನ ಅವಳು ಎಷ್ಟನೆಯ ಸಲವೋ ಅಡುಗೆಮನೆಗೆ ತಿರುಗಿದಾಗ ಅತ್ತೆಗೆ ಮುಚ್ಚಿಡಲು ಹೊತ್ತು ಸಾಲಲಿಲ್ಲ. ಚಪಾತಿ ಮಣೆಯ ಮೇಲೆ ಲೋಟದ ಬುಡದಿಂದ ಬಿಳಿ ಮಾತ್ರೆಯನ್ನು ಅರೆಯುತ್ತಿದ್ದರು. ಪಕ್ಕದಲ್ಲಿ ಅವಳ ಮಜ್ಜಿಗೆ.

“ಏನತ್ತೆ ಇದು?”

“ನಿಂದೇ ಮಾತ್ರೆ. ಮಹದೇವ ಇನ್ನೊಂದು ಸ್ಟ್ರಿಪ್ ತಂದ್ಕೊಟ್ಟ.”

“ನಾನೇ ನುಂಗ್ತಿದೀನಲ್ಲ?”

“ಮುಂಚೆಯೂ ಹಂಗೇ ಅಂತಿದ್ದೆ, ಆಮೇಲೆ ತುಳಸಿ ಪಾಟಿಗೆ ಉಗೀತಿದ್ದೆ. ಪಾಪ, ನನ್ನ ತುಳಸಿಗೇ ಜೋಂಪು ಹತ್ತಿತ್ತು!”

ಅದು ಸುಳ್ಳಲ್ಲ. ವರಲಕ್ಷ್ಮಿಗೆ ನಗು ಬಂದು, ಅರ್ಧಕ್ಕೇ ನಿಂತಿತು. “ಎಷ್ಟು ದಿನದಿಂದ?”

“ಒಂದು ವಾರ.”

ಕಾಲು ಕೆಟ್ಟು ಐದು ದಿನ. ಅವಳು ಆ ಸ್ಟ್ರಿಪ್ಪನ್ನು ಎತ್ತಿಕೊಂಡಳು.

ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ಮಹದೇವ್ “ಅಡ್ಮಿಟ್” ಎನ್ನುವಷ್ಟರಲ್ಲಿ ಅವಳು ನಿಂತೇ, ತನ್ನದೂ ಅತ್ತೆಯ ಬಳಿಯಿದ್ದದ್ದೂ ಸೇರಿ ಎರಡು ಸ್ಟ್ರಿಪ್‌ಗಳನ್ನು ಮೇಜಿನ ಮೇಲಿಟ್ಟಳು. “ದಿನಾ ನಾನೊಂದು ನುಂಗ್ತೀನಿ ಮೇಡಂ. ಇವರೂ ಅತ್ತೇನೂ ಸೇರಿ ವಾರದಿಂದ ನಂಗೆ ಗೊತ್ತಿಲ್ದೆ ಮಜ್ಜಿಗೇಲಿ ಇನ್ನೊಂದು ಹಾಕಿದಾರೆ.”

ಡಾಕ್ಟರು ಅವಳ ಪಾದಗಳನ್ನೇ ನೋಡಿದರು. ಅವು ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದವು.

“ಕಾಯಿಲೆ ಜಾಸ್ತಿಯಾಗಿಲ್ಲ ಸಾರ್, ಮಾತ್ರೆ ಜಾಸ್ತಿಯಾಗಿದೆ. ಮಿದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಇದೆ. ಈ ಮಾತ್ರೆ ಅದರ ಕೆಲಸ ತಡೆದ್ರೆ ಆ ದನಿಗಳು ತಗ್ಗುತ್ವೆ. ಆದ್ರೆ ಮೈಕೈ ಹಿಡಿತದಲ್ಲಿರೋಕೂ ಅದೇ ಬೇಕು. ವಿಪರೀತ ತಡೆದ್ರೆ ಹೀಗೆ, ಕೂರಕ್ಕೂ ಆಗಲ್ಲ, ನಿಲ್ಲಕ್ಕೂ ಆಗಲ್ಲ. ಅಡ್ಮಿಟ್ ಏನೂ ಬೇಡ. ಮಜ್ಜಿಗೆ ಮಾತ್ರೆ ಬಂದ್ ಮಾಡಿ. ಅವರು ನುಂಗೋದು ಮುಂದುವರೀಲಿ. ಕಾಲಿಗೆ ಸ್ವಲ್ಪ ದಿನ ಬೇರೆ ಮಾತ್ರೆ ಕೊಡ್ತೀನಿ.”

ಹೊರಗೆ ಮಹದೇವ್ ಸ್ಕೂಟರ್ ಸ್ಟಾರ್ಟ್ ಮಾಡಿದ. “ಮೊದ್ಲೇ ಹೇಳ್ಬಾರ್ದಿತ್ತಾ?”

“ದಿನಾ ಹೇಳ್ದೆ.”

ಅವನು ಹಿಂದಿನ ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದ. “ಹತ್ಕೋ.”

“ಕೂರಕ್ಕಾಗಲ್ಲ ರೀ. ನಡ್ಕೊಂಡೇ ಬರ್ತೀನಿ.”

ಕುರುಬರಹಳ್ಳಿಯ ಮನೆಯ ಕಡೆಗೆ ಅವಳು ಆಗಲೇ ಹೊರಟಿದ್ದಳು. ಅವನು ಎಂಜಿನ್ ಆರಿಸಿ ಸ್ಕೂಟರ್ ತಳ್ಳುತ್ತ ಹಿಂದೆ ಬಂದ.

“ಸ್ವಲ್ಪ ನಿಧಾನ ಕಣೇ.”

“ಆಗಲ್ಲ,” ಎಂದಳು. ಈ ಸಲ ಅವನು ‘ಮತ್ತೆ ಶುರುವಾಯ್ತು’ ಎನ್ನಲಿಲ್ಲ. ತಾನೇ ಬಿರುಸಾಗಿ ತಳ್ಳಿದ.