ನೂರಹತ್ತು ವೋಲ್ಟಿನ ಪೆಟ್ಟಿಗೆ

ರಂಗಸ್ವಾಮಿಯನ್ನು ನಾನು ಭಾವ ಎಂದು ಕರೆದು ನಾಲ್ಕು ವರ್ಷವಾಯಿತು. ನನ್ನಕ್ಕ ಶಿವಮ್ಮ ಜ್ವರದಲ್ಲಿ ಬೇಯುತ್ತಿದ್ದಾಗ "ನಾಳೆ ಆಸ್ಪತ್ರೆಗೆ ಓಗನ ಬುಡು" ಅಂದ ಪುಣ್ಯಾತ್ಮ ಅವನು. ಬೆಳಗಾಗುವ ಹೊತ್ತಿಗೆ ಅಕ್ಕ ಇರಲಿಲ್ಲ. ಅವನ ಹೆಸರು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಗುಂಡ್ಲುಪೇಟೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತೇನೆ. ಮುಗಿದ ಕೆಲಸಕ್ಕೆ ರಟ್ಟಿನ ಚೀಟಿ ಕಟ್ಟಿ, ಯಾರದು, ಯಾವತ್ತು ಮುಗಿಯಿತು ಎಂದು ಬರೆದು ಶೆಲ್ಫಿಗೆ ಇಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದು ಚೀಟಿಯೂ ತಪ್ಪಿಲ್ಲ.

ಈ ತಿಂಗಳ ಒಂದನೇ ತಾರೀಕು ಅಕ್ಕನ ಮಗಳು ಬಿಂದುಶ್ರೀ ಉಮ್ಮತ್ತೂರಿನಿಂದ ಬಂದಳು. ಅಮೆರಿಕದಿಂದ ಹಳೇ ಕಂಪ್ಯೂಟರೊಂದನ್ನು ತರಿಸಿ, ಒಂಬತ್ತು ತಿಂಗಳು ಕೂತು ರಿಪೇರಿ ಮಾಡಿದ್ದಾಳೆ. ಅವಳಿಗಿಂತ ವಯಸ್ಸಾದ ಪೆಟ್ಟಿಗೆ! ಮೈಸೂರಿನಲ್ಲಿ ಯಾರೋ ಇಂಥವುಗಳ ಮ್ಯೂಸಿಯಂ ತೆರೆಯುತ್ತಿದ್ದಾರಂತೆ. ಅದು ಓಡುವುದನ್ನು ಅವರು ಕಣ್ಣಾರೆ ಕಂಡರೆ ಇವಳಿಗೆ ಅಲ್ಲೇ ಕೆಲಸ.

"ಮಾವ, ಇದು ನೂರಹತ್ತು ವೋಲ್ಟಿಂದು. ನಮ್ದು ಇನ್ನೂರಮೂವತ್ತು. ಆನ್‌ಲೈನಲ್ಲಿ ತರ್ಸಿದ್ ಟ್ರಾನ್ಸ್‌ಫಾರ್ಮರ್ ಐದ್ ನಿಮ್ಷಕ್ಕೇ ಕಾದೋಯ್ತು. ನೀನೇ ಒಂದ್ ಸುತ್ಕೊಡು."

"ನಿಮ್ಮಪ್ಪ ಬಂದು ಕೇಳ್ಲಿ ಕಣಮ್ಮಿ, ಕೊಡ್ತೀನಿ."

"ಅವ್ನ ಅಂಗ್ಡಿ ಮೆಟ್ಲು ತುಳಿಯಾಕಿಲ್ಲ ಅಂತಾನೆ ಅಪ್ಪ."

"ಹಂಗಾರೆ ನೀನೂ ಓಗು."

ಅವಳು ಹೋದಳು. ನಾನು ಅವತ್ತೇ ತಂತಿ ಹಿಡಿದು ಕೂತೆ. ಅಷ್ಟು ಅಚ್ಚುಕಟ್ಟಾಗಿ ಜನ್ಮದಲ್ಲಿ ಸುತ್ತಿರಲಿಲ್ಲ. ಎರಡು ದಿನಕ್ಕೆ ಟ್ರಾನ್ಸ್‌ಫಾರ್ಮರ್ ಮುಗಿಯಿತು, ಚೀಟಿ ಕಟ್ಟಿ ಶೆಲ್ಫಿಗಿಟ್ಟೆ. ಆ ಮನುಷ್ಯ ಬಂದು ಒಂದು ಮಾತು ಕೇಳಲಿ ಎಂದು ಕಾದೆ.

ನಿನ್ನೆ ಸಂಜೆ ಐದೂವರೆಗೆ ಅವಳ ಫೋನ್ ಬಂತು.

"ಮಾವ, ಟ್ರಾನ್ಸ್‌ಫಾರ್ಮರ್ ಇಲ್ದೇನೇ ಓಡ್ತಾ ಅದೆ! ನಾಕ್ ದಿನದಿಂದ ಮೀಟರ್ ಇಟ್ಟು ನೋಡ್ದೆ. ಪಂಪೆಲ್ಲ ಓಡೋವಾಗ ನಮ್ಮನೇಲಿ ನೂರಹದಿನೈದೇ ವೋಲ್ಟ್. ಏಳ್ ಗಂಟೆ ಗಂಟ ಹಂಗೇ ಇರ್ತದೆ. ನೇರ ಸಾಕೆಟ್ಟಿಗೇ ಹಾಕಿದೀನಿ. ಮ್ಯೂಸಿಯಮ್ಮೋರು ಸಂತೆಮರಹಳ್ಳಿ ದಾಟವ್ರೆ, ಇನ್ನೇನ್ ಬಂದ್ಬುಡ್ತಾರೆ."

ನಾನು ಗೋಡೆಯ ಗಡಿಯಾರ ನೋಡಿದೆ. ಅವರದು ಹೊಲದ ನಡುವಿನ ಮನೆ, ಸುತ್ತಲ ಪಂಪುಗಳಿಗೂ ಮನೆಗೂ ಒಂದೇ ಲೈನು. ಪಂಪುಗಳು ಎಳೆದುಕೊಂಡಷ್ಟು ಹೊತ್ತು ಮನೆಗೆ ಕರೆಂಟು ಕಮ್ಮಿ. ಏಳಕ್ಕೆ ಹೋಗುತ್ತಿದ್ದ ಪಂಪಿನ ತ್ರೀಫೇಸ್ ಕರೆಂಟನ್ನು ಅವತ್ತಿನಿಂದ ಆರಕ್ಕೇ ತೆಗೆಯುತ್ತಾರೆ ಎಂದು, ಮೋಟಾರು ಕೊಡಲು ಬಂದಿದ್ದ ಉಮ್ಮತ್ತೂರಿನ ಲೈನ್‌ಮ್ಯಾನ್ ಬೆಳಿಗ್ಗೆ ತಾನೇ ಹೇಳಿದ್ದ. ತ್ರೀಫೇಸ್ ಹೋದರೂ ಮನೆಯ ದೀಪದ ಕರೆಂಟು ಇರುತ್ತದೆ; ಪಂಪುಗಳೆಲ್ಲ ಒಟ್ಟಿಗೆ ನಿಂತರೆ ಅದು ಒಂದೇ ಸಲಕ್ಕೆ ಇನ್ನೂರನಲವತ್ತು ವೋಲ್ಟಿಗೆ ಹಾರುತ್ತದೆ.

ಪ್ಲಗ್ ಕೀಳು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಹಿಂದಿನಿಂದ ರಂಗಸ್ವಾಮಿಯ ದನಿ ಕೇಳಿಸಿತು. "ಯೋಳು, ಯೋಳು! ಅವ್ನ ಡಬ್ಬ ಯಾರ್ಗ್ ಬೇಕು ಅಂತ ಯೋಳು!" ಜೊತೆಗೊಂದು ನಗು.

"ಒಳ್ಳೇದಾಯ್ತು ಬುಡು" ಎಂದು ಫೋನ್ ಇಟ್ಟೆ. ಉರಿಯಲಿ, ಅವನ ಜಂಭ ಇಳಿಯಲಿ ಅಂದುಕೊಂಡೆ. ಐದೂಮುಕ್ಕಾಲಿಗೆ ಒಮ್ಮೆ ಫೋನ್ ಕೈಗೆತ್ತಿಕೊಂಡೆ. ಆ ನಗು ನೆನಪಾಯಿತು, ಮತ್ತೆ ಇಟ್ಟೆ. ಆರು ಗಂಟೆಯಾಯಿತು. ಎದ್ದು ಕೈ ತೊಳೆದುಕೊಂಡೆ.

ಇವತ್ತು ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಬಂದರು. ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದವನು ರಂಗಸ್ವಾಮಿಯೇ. ಸುಟ್ಟ ವಾಸನೆ ಅವನಿಗಿಂತ ಮೊದಲು ಒಳಗೆ ಬಂತು.

"ನೀಲಕಂಠ, ಕೈ ಮುಗೀತೀನಿ ಕಣಪ್ಪ. ಮಗೀಗೆ ಇದೊಂದ್ ಸರಿಮಾಡ್ಕೊಡು. ಅವ್ರು ನೋಡ್ತಿದ್ದಂಗೇ ಹೊಗೆ ಬಂತು. ಎದ್ದು ಹೊಂಟೋದ್ರು."

ನಾಲ್ಕು ವರ್ಷ ನಾನು ಕಾದಿದ್ದು ಈ ಮಾತಿಗೆ. ಮುಚ್ಚಳ ಬಿಚ್ಚಿ ನೋಡಿದೆ. ಬೋರ್ಡು ಕರಕಲಾಗಿತ್ತು. ಅದರ ಬಿಡಿಭಾಗಗಳನ್ನು ಈಗ ಯಾರೂ ಮಾಡುವುದಿಲ್ಲ. ಆಗಲ್ಲ ಎಂದೆ.

ಬಿಂದು ಶೆಲ್ಫಿನ ಮುಂದೆ ನಿಂತಿದ್ದಳು. ಚೀಟಿ ಹಿಡಿದು ಗಟ್ಟಿಯಾಗಿ ಓದಿದಳು. "ಬಿಂದುಶ್ರೀ, ಉಮ್ಮತ್ತೂರು. ನೂರಹತ್ತು ವೋಲ್ಟ್. ಮೂರನೇ ತಾರೀಕು." ಆಮೇಲೆ ನನ್ನ ಕಡೆ ತಿರುಗಿದಳು. "ಇವತ್ತು ಹತ್ತೊಂಬತ್ತು ಮಾವ. ನಿನ್ನೆ ಬೆಳಿಗ್ಗೆ ನಮ್ಮೂರ್ ಲೈನ್‌ಮ್ಯಾನ್ ಇಲ್ಲಿಗ್ ಬಂದಿದ್ನಂತೆ. ಆರಕ್ಕೇ ತ್ರೀಫೇಸ್ ತೆಗೀತಾರೆ ಅಂತ್ಲೂ ನಿಂಗ್ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಅಕ್ಕನ ಕಣ್ಣೇ ಅವಳದು, ಆಗಲಿಲ್ಲ. "ಗೊತ್ತಿತ್ತು" ಎಂದೆ.

"ಅವ್ವ ಸಾಯ್ತಾಳೆ ಅಂತ ಅವತ್ತು ಅಪ್ಪಂಗ್ ಗೊತ್ತಿರ್ನಿಲ್ಲ ಮಾವ."

ಅಷ್ಟು ಹೇಳಿ ಚೀಟಿ ಬಿಟ್ಟಳು. ಪೆಟ್ಟಿಗೆಯ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅಪ್ಪನ ಕೈಗೆ ಕೊಟ್ಟು, ಮೆಟ್ಟಿಲು ಇಳಿದಳು.