ಹುಣಸೆಹಣ್ಣಿನಲ್ಲಿ ತೊಳೆದ ಕನ್ನಡಿ

ಜಪಾನಿನವನೊಬ್ಬ ಕಂಡುಹಿಡಿದನಂತೆ. ಅವನ ತಲೆ! ಅವನಿಗಿಂತ ಮೊದಲು ಆ ನಕ್ಷತ್ರವನ್ನು ಹಿರೇಕೊಡಿಗೆಯ ನಮ್ಮ ಅಂಗಳದಲ್ಲಿ ನಿಂತು ನಾನು ನೋಡಿದ್ದೆ.

ಬಾಳಗಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತ, ರಜೆಯಲ್ಲೆಲ್ಲ ಗಾಜು ಉಜ್ಜಿ ಉಜ್ಜಿ ದೂರದರ್ಶಕದ ಕನ್ನಡಿಯನ್ನು ನಾನೇ ಮಾಡಿಕೊಂಡಿದ್ದೆ. ಹೊಳೆಯುವ ಲೇಪ ಮಾತ್ರ ಬೆಂಗಳೂರಿನಲ್ಲಿ ಹಾಕಿಸಿದ್ದು. ನಮ್ಮ ಕಡೆಯ ಥಂಡಿಗೆ ಬೂಷ್ಟು ಹಿಡಿಯುತ್ತದೆಂದು ಅದನ್ನು ಕೊಳವೆಯಿಂದ ಬಿಚ್ಚಿ, ಬಟ್ಟೆ ಸುತ್ತಿ, ಅಡುಗೆಮನೆಯ ಗೂಡಿನಲ್ಲಿ ದೇವರ ಸಾಮಾನಿನ ಪಕ್ಕ ಇಡುತ್ತಿದ್ದೆ.

೨೦೦೮ರ ದೀಪಾವಳಿಯ ಹೊಸ್ತಿಲಲ್ಲಿ, ಆಗಷ್ಟೇ ಕತ್ತಲಾದ ಹೊತ್ತು, ದೂರದ ಸುರುಳಿ ಗೆಲಾಕ್ಸಿಯೊಂದರ ಅಂಚಿನಲ್ಲಿ ಹಿಂದೆಂದೂ ಇರದ ಚುಕ್ಕಿ ಕಂಡಿತು. ನಕ್ಷೆಯಲ್ಲೂ ಇಲ್ಲ. ನಕ್ಷತ್ರವೊಂದು ಸಿಡಿದು ಸಾಯುವಾಗ ಹಾಗೆ ಬೆಳಗುತ್ತದೆ. ಚುಕ್ಕಿಯ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡೆ. ಮರುದಿನವೂ ಅಲ್ಲೇ ಕಂಡರೆ ಖಾತ್ರಿ. ಮೊದಲು ತಿಳಿಸಿದವರ ಹೆಸರಿಗೆ ಆ ಶೋಧ.

"ನಾಳೆ ಸಂಜೆ ಇನ್ನೊಂದ್ಸಲ ನೋಡಿಬಿಟ್ರೆ ಸಾಕು" ಎಂದು ಗಂಡ ತ್ರ್ಯಂಬಕರಿಗೆ ಹೇಳಿದೆ.

"ಆಯ್ತು ಮಾರಾಯ್ತಿ, ಅದು ಎಲ್ಲಿಗೆ ಓಡಿಹೋಗ್ತದೆ?" ಎಂದರು.

ಮರುದಿನ ನೀರು ತುಂಬುವ ಹಬ್ಬ. ಕಾಲೇಜಿನಿಂದ ಬಂದರೆ ಜಗುಲಿಯಲ್ಲಿ ಚೆಂಬು, ಕೊಡಪಾನ, ದೀಪದ ಕಂಬ ಎಲ್ಲ ಫಳಫಳ. ಅವುಗಳ ಜತೆ ನನ್ನ ಕನ್ನಡಿ, ನಡುವೆ ಕುಂಕುಮದ ಬೊಟ್ಟು.

"ಎಂತ ಅತ್ತೆ ಇದು!"

"ನೀನು ಅಷ್ಟು ಜೋಪಾನ ಮಾಡ್ತೀಯಲ್ಲ, ಹಬ್ಬದ ದಿನ ಅದೊಂದನ್ನ ಎಂತಕ್ಕೆ ಬಿಡೋದು ಅಂತ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ" ಎಂದರು ಅತ್ತೆ ಯಮುನಮ್ಮ, ಖುಷಿಯಿಂದ. "ಎಂಥಾ ಕರೆ ಹಿಡಿದಿತ್ತೇ! ಬಿಡಿಸೋದ್ರೊಳಗೆ ರಟ್ಟೆ ಬಿದ್ದುಹೋಯ್ತು."

ಮುಖ ನೋಡುವ ಕನ್ನಡಿಗೆ ಲೇಪ ಹಿಂದುಗಡೆ, ಇದಕ್ಕೆ ಮುಂದುಗಡೆ. ಅವರು ಬಿಡಿಸಿದ ಕರೆಯೇ ಆ ಲೇಪ. ಗಾಜಿನೊಳಗಿಂದ ಜಗುಲಿಯ ಕೆಂಪು ನೆಲ ಕಾಣುತ್ತಿತ್ತು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತುಬಿಟ್ಟೆ.

ಹಬ್ಬ ಕಳೆದ ಮೇಲೆ ಕಾಲೇಜಿನ ಕಂಪ್ಯೂಟರಿನಲ್ಲಿ ಜಪಾನಿನವನ ಸುದ್ದಿ ಓದಿದೆ. ಅದೇ ಗೆಲಾಕ್ಸಿ, ಅದೇ ಅಂಚು, ಅವನ ಹೆಸರು. ಮನೆಗೆ ಬಂದು ತ್ರ್ಯಂಬಕರ ಎದುರು ಕೂಗಾಡಿದೆ. ಮನಸ್ಸಿನಲ್ಲಿದ್ದ ಸಂಕಟವನ್ನೆಲ್ಲ ಹೊರಗೆ ಹಾಕಿದೆ. ಅವರು ಎದ್ದುಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದರು.

"ಮೆಲ್ಲ ಮಾತಾಡು. ಅಮ್ಮಂಗೆ ಗೊತ್ತಾದ್ರೆ ಪಾಪ, ಬೇಜಾರು ಮಾಡ್ಕೊಳ್ತಾಳೆ."

ನನ್ನ ಬೇಜಾರು? ಅದನ್ನು ಕೇಳುವವರು ಯಾರೂ ಇರಲಿಲ್ಲ.

ಮತ್ತೆ ಲೇಪ ಹಾಕಿಸುವ ಮನಸ್ಸೇ ಬರಲಿಲ್ಲ. ಅತ್ತೆಗೆ ಇವತ್ತಿಗೂ ಏನೂ ಗೊತ್ತಿಲ್ಲ. ವರ್ಷ ವರ್ಷ ಹಬ್ಬಕ್ಕೆ ಆ ಗಾಜನ್ನು ಮರೆಯದೆ ತಿಕ್ಕಿ ತೊಳೆಯುತ್ತಾರೆ. ಹುಣಸೆಹಣ್ಣು ನೆನೆಸಿಕೊಡುವವಳು ನಾನೇ.